ವೈ-ಫೈ ಕನೆಕ್ಟ್ ಆಗದಿದ್ದರೆ ಮೊದಲು ಹೆಸರಿನ ಕೆಳಗಿನ ಸಾಲು ಓದಿ

ಫೋನು ನನ್ನ ಕೈಗೆ ಬರುವ ಹೊತ್ತಿಗೆ ಅದಕ್ಕೆ ಆಗಬೇಕಾದ ಶಿಕ್ಷೆಯೆಲ್ಲ ಆಗಿರುತ್ತದೆ. ನಾಲ್ಕಾರು ಸಲ ಆಫ್ ಮಾಡಿ ಆನ್ ಮಾಡಿರುತ್ತಾರೆ. ಸಿಮ್ ತೆಗೆದು ಒರೆಸಿ ಮತ್ತೆ ಹಾಕಿರುತ್ತಾರೆ, ಸಿಮ್‌ಗೂ ವೈ-ಫೈಗೂ ಸಂಬಂಧವೇ ಇಲ್ಲದಿದ್ದರೂ. ಯಾರೋ ಹೇಳಿದರೆಂದು ಫ್ಯಾಕ್ಟರಿ ರೀಸೆಟ್ ಮಾಡಿ, ಫೋಟೋಗಳನ್ನೆಲ್ಲ ಕಳೆದುಕೊಂಡು, ಆಮೇಲೂ ವೈ-ಫೈ ಸಿಗದೆ ಬಂದವರಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರಂತೆ, ಹಾಗೆ. "ಸ್ಕ್ರೀನ್ ಮೇಲೆ ಏನಂತ ಬರ್ತಿತ್ತು?" ಎಂದು ಕೇಳಿದರೆ ಮಾತ್ರ ಎಲ್ಲರದ್ದೂ ಒಂದೇ ಉತ್ತರ: "ಏನೋಪ್ಪ, ಕನೆಕ್ಟ್ ಆಗ್ತಿಲ್ಲ ಅಷ್ಟೇ."

ನೂರಾರು ಫೋನುಗಳು ಒಂದೇ ನೆಟ್‌ವರ್ಕ್‌ಗೆ ಜೋತುಬೀಳುವ ಹಾಸ್ಟೆಲ್ ಒಂದರ ವೈ-ಫೈ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಇದು: ಫೋನು ಎಲ್ಲಿ ಎಡವಿತು ಎಂಬುದನ್ನು ಅದೇ ಹೇಳುತ್ತದೆ. ವೈ-ಫೈ ಪಟ್ಟಿಯಲ್ಲಿ ನಿಮ್ಮ ನೆಟ್‌ವರ್ಕ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರುತ್ತದಲ್ಲ, ಅದೇ ದೂರು, ಅದೇ ಸಾಕ್ಷಿ. ಕೆಲವೊಮ್ಮೆ ಅದು ಎರಡು ಸೆಕೆಂಡ್ ಕಾಣಿಸಿ ಮಾಯವಾಗುತ್ತದೆ. ಹೆಸರನ್ನು ಒತ್ತಿ, ಬೇರೇನೂ ಮಾಡದೆ, ಕಣ್ಣು ನೆಟ್ಟು ನೋಡಿ.

ಕನೆಕ್ಟ್ ಆಗುವುದು ಒಂದೇ ಕೆಲಸವಲ್ಲ, ಸಾಲಾಗಿ ನಾಲ್ಕು ಕೆಲಸ. ಮೊದಲು ಫೋನು ರೂಟರ್ ಪ್ರಸಾರ ಮಾಡುವ ಹೆಸರನ್ನು ಹಿಡಿಯಬೇಕು. ಆಮೇಲೆ ಪಾಸ್‌ವರ್ಡ್ ಎರಡೂ ಕಡೆ ತಾಳೆಯಾಗಬೇಕು. ಮೂರನೆಯದಾಗಿ ರೂಟರ್ ಈ ಫೋನಿಗೊಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಅಂಕಿ, ಕೊಡಬೇಕು. ಕೊನೆಗೆ, ಆಚೆ ನಿಜವಾಗಿ ಇಂಟರ್ನೆಟ್ ಇದೆಯೇ ಎಂದು ಫೋನು ತಾನೇ ಒಂದು ಪರೀಕ್ಷೆ ಮಾಡಿ ನೋಡುತ್ತದೆ. ಮೂರನೆಯದರಲ್ಲಿ ಸಿಕ್ಕಿಬಿದ್ದ ಫೋನಿಗೆ ಪಾಸ್‌ವರ್ಡನ್ನು ಹತ್ತು ಸಲ ಹೊಡೆದರೂ ಏನೂ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಮೊದಲು: ತಪ್ಪು ಫೋನಿನದೋ ರೂಟರಿನದೋ?

ಇದನ್ನು ತಿಳಿಯಲು ಇನ್ನೊಂದು ಫೋನು ಬೇಕು. ಅದೇ ಜಾಗದಲ್ಲಿ ನಿಂತು, ಅದೇ ನೆಟ್‌ವರ್ಕ್‌ಗೆ ಜೋಡಿಸಿ. ಇಲ್ಲೊಂದು ಸೂಕ್ಷ್ಮವಿದೆ. ಆ ಇನ್ನೊಂದು ಫೋನು ಬೆಳಗ್ಗೆಯಿಂದ ಕನೆಕ್ಟ್ ಆಗಿಯೇ ಇದ್ದರೆ ಅದು ಸಾಕ್ಷಿಯಾಗುವುದಿಲ್ಲ. ಒಳಗಿದ್ದವರು ಆರಾಮಾಗಿದ್ದು ಹೊಸಬರಿಗೆ ಮಾತ್ರ ಬಾಗಿಲು ಮುಚ್ಚಿರುವುದು ರೂಟರ್‌ಗಳಲ್ಲಿ ಮಾಮೂಲು. ಅದರ ವೈ-ಫೈ ಒಮ್ಮೆ ಆಫ್ ಮಾಡಿ, ಹೊಸದಾಗಿ ಸೇರುವಂತೆ ಮಾಡಿ ನೋಡಿ. ಆಮೇಲೆ ಅದೇ ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ಕೆಟ್ಟ ಫೋನನ್ನು ಅದಕ್ಕೆ ಜೋಡಿಸಿ. ಹಾಟ್‌ಸ್ಪಾಟ್‌ಗೆ ಸೇರಿದರೆ ಫೋನಿನ ವೈ-ಫೈ ಚಿಪ್ ಸರಿಯಿದೆ ಎಂದಾಯಿತು, ಕಿತಾಪತಿ ಈ ಫೋನಿಗೂ ಆ ರೂಟರಿಗೂ ನಡುವಿನದು. ಯಾವುದಕ್ಕೂ ಸೇರದಿದ್ದರೆ ರೂಟರನ್ನು ಬೈಯುವುದು ಬಿಡಿ.

ರೀಸ್ಟಾರ್ಟ್ ಬಗ್ಗೆ ನನಗೆ ತಾತ್ಸಾರವಿಲ್ಲ, ಎರಡನ್ನೂ ಒಮ್ಮೆ ಮಾಡಿ. ರೂಟರಿನ ಪ್ಲಗ್ ಕಿತ್ತ ಮೇಲೆ ಅರ್ಧ ನಿಮಿಷವಾದರೂ ಬಿಡಿ, ಒಳಗಿನ ಕೆಪಾಸಿಟರ್‌ಗಳು ಖಾಲಿಯಾಗಲಿ. ಹಾಕಿದ ಮೇಲೂ ತಾಳ್ಮೆ ಬೇಕು. 5 ಗಿಗಾಹರ್ಟ್ಸ್ ಬ್ಯಾಂಡಿನ (ವೈ-ಫೈ ಬಳಸುವ ರೇಡಿಯೋ ತರಂಗಗಳ ಒಂದು ಶ್ರೇಣಿ; ಇನ್ನೊಂದು 2.4) ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುವುದರಿಂದ, ಅಂಥ ಚಾನೆಲ್‌ಗೆ ಹೊಂದಿಸಿದ ರೂಟರ್ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೇಳಿ, ರೇಡಾರ್ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಪ್ರಸಾರ ಶುರುಮಾಡುತ್ತದೆ. ಆ ಒಂದು ನಿಮಿಷದಲ್ಲಿ "ಹೆಸರೇ ಹೋಯ್ತು" ಎಂದು ಗಾಬರಿಯಾಗಿ ಮತ್ತೆ ಪ್ಲಗ್ ಕಿತ್ತರೆ ಕಥೆ ಮುಗಿಯುವುದೇ ಇಲ್ಲ.

ಐಫೋನ್ ಇದ್ದವರು ಒಂದು ವಿಷಯ ಗಮನಿಸಿ. ಕಂಟ್ರೋಲ್ ಸೆಂಟರ್‌ನಲ್ಲಿ ವೈ-ಫೈ ಗುರುತನ್ನು ಒತ್ತಿದರೆ ವೈ-ಫೈ ಆಫ್ ಆಗುವುದಿಲ್ಲ. ಈಗಿನ ನೆಟ್‌ವರ್ಕ್‌ನಿಂದ ಕಳಚಿಕೊಂಡು, ಬೆಳಗಿನ ಜಾವ 5 ಗಂಟೆಯವರೆಗೆ ತಾನಾಗಿ ಸೇರುವುದನ್ನು ನಿಲ್ಲಿಸುತ್ತದೆ, ಅಷ್ಟೇ. "ರಾತ್ರಿ ಬರಲ್ಲ, ಬೆಳಗ್ಗೆ ಎದ್ದರೆ ತಾನೇ ಬಂದಿರುತ್ತೆ" ಎನ್ನುವ ದೂರಿನ ಮೂಲ ಎಷ್ಟೋ ಸಲ ಇದೇ. ನಿಜವಾಗಿ ಆಫ್ ಮಾಡಿ ಆನ್ ಮಾಡಬೇಕಿದ್ದರೆ ಸೆಟ್ಟಿಂಗ್ಸ್ ಒಳಗೇ ಹೋಗಬೇಕು.

ಹೆಸರೇ ಕಾಣಿಸದಿದ್ದರೆ

ಪಟ್ಟಿಯಲ್ಲಿ ಅಕ್ಕಪಕ್ಕದವರ ಹೆಸರೆಲ್ಲ ಇದ್ದು ನಿಮ್ಮದು ಮಾತ್ರ ಇಲ್ಲವೇ? ಹಾಗಾದರೆ ಫೋನಿನ ಕಣ್ಣು ಸರಿಯಿದೆ, ರೂಟರ್ ಆಡುವ ಭಾಷೆ ಅದಕ್ಕೆ ತಿಳಿಯುತ್ತಿಲ್ಲ. ಹಳೆಯ ಅಥವಾ ಕಡಿಮೆ ಬೆಲೆಯ ಕೆಲವು ಫೋನುಗಳು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು; ರೂಟರ್‌ನಲ್ಲಿ 5 ಮಾತ್ರ ಆನ್ ಇದ್ದರೆ ಅವಕ್ಕೆ ಕತ್ತಲೆ. 2.4ರಲ್ಲೂ ಒಂದು ತೊಡಕಿದೆ. ಕೆಲವು ದೇಶಗಳಿಗೆಂದು ತಯಾರಾದ ಫೋನುಗಳು 12 ಮತ್ತು 13ನೇ ಚಾನೆಲ್‌ಗಳತ್ತ ತಲೆಯೆತ್ತಿಯೂ ನೋಡುವುದಿಲ್ಲ. ರೂಟರ್ 'ಆಟೋ'ದಲ್ಲಿದ್ದು ತಾನಾಗಿ 13ಕ್ಕೆ ಜಿಗಿದರೆ, ನಿನ್ನೆ ಕಂಡ ಹೆಸರು ಇವತ್ತಿಲ್ಲ. ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಿ (ಸಾಮಾನ್ಯವಾಗಿ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಎಂದು ಬರೆದರೆ ಅದು ತೆರೆಯುತ್ತದೆ), ಚಾನೆಲನ್ನು 1, 6, 11ರಲ್ಲಿ ಯಾವುದಾದರೂ ಒಂದಕ್ಕೆ ಕಟ್ಟಿಹಾಕಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲವಾದ್ದರಿಂದ ಗದ್ದಲವೂ ಕಡಿಮೆ.

ಎರಡು ಬ್ಯಾಂಡಿಗೂ ಒಂದೇ ಹೆಸರಿಟ್ಟಿದ್ದರೆ ಪರೀಕ್ಷೆಯ ಮಟ್ಟಿಗೆ ಬೇರೆ ಬೇರೆ ಹೆಸರು ಕೊಡಿ. ಯಾವುದರಲ್ಲಿ ಗೋಳು ಎಂಬುದು ಆಗ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ 2.45 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಎಂಬುದು ಬಹಳ ಜನಕ್ಕೆ ಗೊತ್ತು. ರೂಟರಿಗೆ ಅಂಟಿಸಿಟ್ಟ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಕೂಡ ಅದೇ ಬ್ಯಾಂಡಿನಲ್ಲಿ ಗದ್ದಲ ಎಬ್ಬಿಸುತ್ತದೆ ಎಂಬುದು ಕಡಿಮೆ ಜನಕ್ಕೆ ಗೊತ್ತು. 2012ರಲ್ಲಿ ಇಂಟೆಲ್ ಕಂಪನಿಯೇ ಇದನ್ನು ಅಳೆದು ಪ್ರಕಟಿಸಿತ್ತು. ಡಿಸ್ಕನ್ನು ದೂರ ಸರಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

'ಅಥೆಂಟಿಕೇಶನ್ ಪ್ರಾಬ್ಲಮ್' ಅಥವಾ 'ಇನ್‌ಕರೆಕ್ಟ್ ಪಾಸ್‌ವರ್ಡ್'

ಮೊದಲು 'ಫರ್ಗೆಟ್' ಒತ್ತಿ ಹಳೆಯ ನೆನಪು ಅಳಿಸಿ. ರೂಟರಿನಲ್ಲಿ ಪಾಸ್‌ವರ್ಡ್ ಬದಲಾಗಿದ್ದರೂ ಫೋನು ಹಳೆಯದನ್ನೇ ಹಿಡಿದುಕೊಂಡು ಬಾಗಿಲು ತಟ್ಟುತ್ತಿರುತ್ತದೆ. ಆದರೆ ಐಫೋನ್‌ನಲ್ಲಿ ಫರ್ಗೆಟ್ ಒತ್ತುವ ಮೊದಲು ಪಾಸ್‌ವರ್ಡ್ ಎಲ್ಲಾದರೂ ಬರೆದಿಟ್ಟುಕೊಳ್ಳಿ. ಪಾಸ್‌ವರ್ಡ್‌ಗಳನ್ನು ಆ್ಯಪಲ್ ಖಾತೆಯಲ್ಲಿ ಉಳಿಸಿ ಹಂಚುವ ಐಕ್ಲೌಡ್ ಕೀಚೈನ್ ಆನ್ ಇದ್ದರೆ ಅದೇ ಖಾತೆಯ ಐಪ್ಯಾಡ್, ಮ್ಯಾಕ್‌ಗಳೂ ಆ ನೆಟ್‌ವರ್ಕನ್ನು ಮರೆತುಬಿಡುತ್ತವೆ.

ಇನ್ನು ಟೈಪ್ ಮಾಡುವಾಗ ಕಣ್ಣಿನ ಗುರುತು ಒತ್ತಿ ಅಕ್ಷರಗಳು ಕಾಣುವಂತೆ ಮಾಡಿಕೊಳ್ಳಿ. ಕೀಬೋರ್ಡ್ ತಾನೇ ಮೊದಲಕ್ಷರವನ್ನು ದೊಡ್ಡದು ಮಾಡಿರುತ್ತದೆ. ಮೆಸೇಜಿನಿಂದ ಕಾಪಿ ಮಾಡಿದ್ದರೆ ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಅಂಟಿಕೊಂಡಿರುತ್ತದೆ; ಚುಕ್ಕಿಗಳ ಹಿಂದೆ ಅದು ಕಾಣುವುದೇ ಇಲ್ಲ. ಕನ್ನಡ ಕೀಬೋರ್ಡ್‌ನಲ್ಲಿದ್ದರೆ ಇನ್ನೊಂದು ಅವಾಂತರ: ನಿಮಗೆ ೧೨೩ ಮತ್ತು 123 ಒಂದೇ, ರೂಟರಿಗಲ್ಲ. ಪಾಸ್‌ವರ್ಡ್ ಎಂಟಕ್ಕಿಂತ ಕಡಿಮೆ ಅಕ್ಷರದ್ದೆಂದು ಯಾರಾದರೂ ಹೇಳಿದರೆ ಅದು ತಪ್ಪು ಪಾಸ್‌ವರ್ಡ್ ಎಂದೇ ತಿಳಿಯಿರಿ, ವೈ-ಫೈ ಭದ್ರತೆಯ ಒಂದು ಬಗೆಯಾದ ಡಬ್ಲ್ಯುಪಿಎ2 (WPA2)ನಲ್ಲಿ 8ರಿಂದ 63 ಅಕ್ಷರ ಇರಲೇಬೇಕು. ಈ ರಗಳೆಯೇ ಬೇಡವೆಂದರೆ, ಈಗಾಗಲೇ ಕನೆಕ್ಟ್ ಆಗಿರುವ ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸ ಫೋನಿನಲ್ಲಿ 'ಶೇರ್' ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಕ್ಯಾಮೆರಾ ಹಿಡಿದರೆ ಮುಗಿಯಿತು.

ಪಾಸ್‌ವರ್ಡ್ ಸರಿಯಿದ್ದೂ ಇದೇ ಸಾಲು ಬಂದರೆ ಭದ್ರತೆಯ ಬಗೆಯನ್ನು ಅನುಮಾನಿಸಿ. ಅದರಲ್ಲಿ ಹೊಸದಾದ ಡಬ್ಲ್ಯುಪಿಎ3 (WPA3) ಬಂದದ್ದು 2018ರಲ್ಲಿ. ಅದಕ್ಕೂ ಹಿಂದಿನ ಬಹಳಷ್ಟು ಫೋನುಗಳಿಗೆ ಅದು ಅರ್ಥವಾಗುವುದಿಲ್ಲ. ರೂಟರ್ ಡಬ್ಲ್ಯುಪಿಎ3 ಮಾತ್ರ ಎಂದು ಹಟ ಹಿಡಿದಿದ್ದರೆ 'ಡಬ್ಲ್ಯುಪಿಎ2/ಡಬ್ಲ್ಯುಪಿಎ3' ಮಿಶ್ರ ಆಯ್ಕೆಗೆ ಬದಲಿಸಿ. ಕೆಲವು ಫೋನುಗಳು ಮಿಶ್ರದಲ್ಲೂ ತಡವರಿಸುತ್ತವೆ. ಅವಕ್ಕೆ ಬರಿಯ ಡಬ್ಲ್ಯುಪಿಎ2 ಕೊಟ್ಟರೂ ಮನೆ ಮುಳುಗುವುದಿಲ್ಲ. ತೀರಾ ಹಳೆಯ ಬಗೆಯಾದ ಡಬ್ಲ್ಯುಇಪಿಗೆ (WEP) ಮಾತ್ರ ಇಳಿಯಬೇಡಿ. ಅದು ಬಾಗಿಲಿಗೆ ಚಿಲಕ ಹಾಕದಷ್ಟೇ ಸಮ.

ಇನ್ನೊಂದು ಕಾರಣ ಮ್ಯಾಕ್ ಫಿಲ್ಟರ್. ಇದು ಆ್ಯಪಲ್ ಕಂಪ್ಯೂಟರ್ ಮ್ಯಾಕ್ ಅಲ್ಲ; ಪ್ರತಿ ಫೋನಿನ ವೈ-ಫೈ ಚಿಪ್ಪಿಗೆ ಇರುವ ಗುರುತಿನ ಸಂಖ್ಯೆಗೆ ಮ್ಯಾಕ್ (MAC) ವಿಳಾಸ ಎನ್ನುತ್ತಾರೆ. ಇಂಥಿಂಥ ಫೋನಿಗೆ ಮಾತ್ರ ಪ್ರವೇಶ ಎಂದು ರೂಟರಿನಲ್ಲಿ ಪಟ್ಟಿ ಮಾಡಿಟ್ಟವರಿರುತ್ತಾರೆ. ಮೊದಲು ಆ ಪಟ್ಟಿ ಕೆಲಸ ಮಾಡುತ್ತಿತ್ತು. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದ ಮೇಲೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ ಮುಚ್ಚಿಟ್ಟು, ಒಂದೊಂದು ನೆಟ್‌ವರ್ಕ್‌ಗೆ ಒಂದೊಂದು ಹುಸಿ ವಿಳಾಸ ತೋರಿಸತೊಡಗಿದವು. ಹುಸಿಯೋ ಅಸಲಿಯೋ ಎಂದು ಬರಿಗಣ್ಣಿನಲ್ಲೇ ಪತ್ತೆ ಮಾಡಬಹುದು. ವಿಳಾಸದ ಎರಡನೆಯ ಅಕ್ಷರ ನೋಡಿ. ಅದು 2, 6, A, E ಈ ನಾಲ್ಕರಲ್ಲಿ ಒಂದಾಗಿದ್ದರೆ ಫೋನು ಕಟ್ಟಿಕೊಂಡ ವೇಷ; ಬೇರೆಯಾಗಿದ್ದರೆ ಕಾರ್ಖಾನೆಯಲ್ಲಿ ಕೊಟ್ಟದ್ದು. ರೂಟರಿನ ಪಟ್ಟಿಯಲ್ಲಿ ಅಸಲಿ ವಿಳಾಸ ಬರೆದಿದ್ದು ಫೋನು ವೇಷ ಹಾಕಿ ಹೋದರೆ ಒಳಗೆ ಬಿಡುವವರಾರು? ಆ ನೆಟ್‌ವರ್ಕ್‌ಗೆ ಮಾತ್ರ ಆಂಡ್ರಾಯ್ಡ್‌ನಲ್ಲಿ 'ಯೂಸ್ ಡಿವೈಸ್ ಮ್ಯಾಕ್' ಆರಿಸಿ, ಐಫೋನ್‌ನಲ್ಲಿ 'ಪ್ರೈವೇಟ್ ವೈ-ಫೈ ಅಡ್ರೆಸ್' ಆಫ್ ಮಾಡಿ. ನನ್ನನ್ನು ಕೇಳಿದರೆ ಫಿಲ್ಟರನ್ನೇ ತೆಗೆದುಹಾಕಿ ಗಟ್ಟಿ ಪಾಸ್‌ವರ್ಡ್ ಇಡುವುದು ಮೇಲು. ಮ್ಯಾಕ್ ಫಿಲ್ಟರ್ ಕಳ್ಳನನ್ನು ತಡೆದದ್ದಕ್ಕಿಂತ ಮನೆಯವರನ್ನು ತಡೆದದ್ದೇ ಹೆಚ್ಚು.

'ಅಬ್ಟೇನಿಂಗ್ ಐಪಿ ಅಡ್ರೆಸ್' ಎಂದು ಸುತ್ತುತ್ತಲೇ ಇದ್ದರೆ

ಪಾಸ್‌ವರ್ಡ್ ಒಪ್ಪಿತವಾಗಿದೆ, ವಿಳಾಸ ಸಿಗುತ್ತಿಲ್ಲ. ಐಫೋನ್ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೆಟ್‌ವರ್ಕ್ ಪಕ್ಕದ 'ಐ' ಗುರುತು ಒತ್ತಿ ಐಪಿ ಅಡ್ರೆಸ್ ನೋಡಿ. 169.254 ಎಂದು ಶುರುವಾಗಿದ್ದರೆ ಅದು ರೂಟರ್ ಕೊಟ್ಟದ್ದಲ್ಲ. ಯಾರೂ ಕೊಡದಿದ್ದಾಗ ಫೋನು ತಾನೇ ಇಟ್ಟುಕೊಂಡ ವಿಳಾಸ. ಅದರಿಂದ ಹೊರಗೆ ಹೋಗಲು ಆಗುವುದಿಲ್ಲ.

ಹಾಸ್ಟೆಲ್‌ನಲ್ಲಿ ನನ್ನ ತಲೆ ತಿನ್ನುವುದು ಇದೇ. ರೂಟರಿನಲ್ಲಿ ಡಿಎಚ್‌ಸಿಪಿ ಎಂಬ ಭಾಗ ವಿಳಾಸ ಹಂಚುತ್ತದೆ. ಅದರ ಬಳಿ ಇರುವ ವಿಳಾಸಗಳು ಎಣಿಕೆಯವು. 192.168.1.100ರಿಂದ 199ರವರೆಗೆ ಎಂದಿದ್ದರೆ ಅಲ್ಲಿಗೆ ನೂರೇ ನೂರು. ಒಮ್ಮೆ ಕೊಟ್ಟ ವಿಳಾಸವನ್ನು ಗಡುವು ಮುಗಿಯುವವರೆಗೆ ಅದು ಬೇರೆಯವರಿಗೆ ಕೊಡುವುದಿಲ್ಲ. ಬಹಳ ರೂಟರ್‌ಗಳಲ್ಲಿ ಆ ಗಡುವು 24 ಗಂಟೆ. ಬೆಳಗ್ಗೆ ಬಂದು ಹೋದ ಅತಿಥಿಯ ಫೋನು ರಾತ್ರಿಯವರೆಗೂ ಒಂದು ವಿಳಾಸವನ್ನು ಕಾದಿರಿಸಿಕೊಂಡಿರುತ್ತದೆ. ಮ್ಯಾಕ್ ವಿಳಾಸ ಆಗಾಗ ಬದಲಿಸುವ ಫೋನಾದರೆ ಒಂದೇ ಫೋನು ಎರಡು ಮೂರು ವಿಳಾಸ ನುಂಗಿರುತ್ತದೆ. ರಜೆ ಮುಗಿದು ಎಲ್ಲರೂ ವಾಪಸಾಗುವ ಸಂಜೆ ಮೊದಲು ಬಂದವರಿಗೆಲ್ಲ ನೆಟ್ ಇರುತ್ತದೆ, ಊಟದ ಹೊತ್ತಿಗೆ ಬಂದವರು ನನ್ನ ಬಾಗಿಲಿಗೆ ಬರುತ್ತಾರೆ. ಅದಕ್ಕೇ ನಾನು ಅಲ್ಲಿ ಗಡುವನ್ನು ಎರಡು ಗಂಟೆಗೆ ಇಳಿಸಿ, ವಿಳಾಸಗಳ ವ್ಯಾಪ್ತಿ ಹಿಗ್ಗಿಸಿಟ್ಟಿದ್ದೇನೆ. ಮನೆಯ ರೂಟರ್ ಆದರೆ ಒಂದು ರೀಸ್ಟಾರ್ಟ್ ಬಹುತೇಕ ಸಾಕು.

ಫೋನಿನ ಕಡೆಯಿಂದ ನೋಡಬೇಕಾದದ್ದು ಒಂದೇ: ಆ ನೆಟ್‌ವರ್ಕಿನ ಐಪಿ ಸೆಟ್ಟಿಂಗ್ 'ಡಿಎಚ್‌ಸಿಪಿ' ಅಥವಾ 'ಆಟೋಮ್ಯಾಟಿಕ್' ಎಂದಿರಲಿ. ಯಾವತ್ತೋ ಯಾರೋ 'ಸ್ಟ್ಯಾಟಿಕ್' ಮಾಡಿ ಒಂದು ಅಂಕಿ ಬರೆದು ಮರೆತಿದ್ದರೆ, ಅದೇ ಅಂಕಿ ಈಗ ಟಿವಿಗೋ ಪ್ರಿಂಟರಿಗೋ ಹೋಗಿ ಇಬ್ಬರಿಗೂ ಜಗಳ ಹತ್ತಿರುತ್ತದೆ.

'ಕನೆಕ್ಟೆಡ್, ನೋ ಇಂಟರ್ನೆಟ್'

ಇದು ಎಲ್ಲಕ್ಕಿಂತ ಹೆಚ್ಚು ಬರುವ ದೂರು, ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿಯುವ ಸಾಲು ಕೂಡ. ನಿಮ್ಮ ವೈ-ಫೈ ಕನೆಕ್ಟ್ ಆಗಿದೆ. ಆದರೆ ಫೋನು ಮಾಡಿದ ಪರೀಕ್ಷೆ ಫೇಲಾಗಿದೆ. ಆಂಡ್ರಾಯ್ಡ್ ಫೋನು ಗೂಗಲ್‌ನ ಒಂದು ಪುಟ್ಟ ವಿಳಾಸಕ್ಕೆ ಕರೆ ಮಾಡಿ, 204 ಎಂಬ ಸಂಖ್ಯೆ ಉತ್ತರವಾಗಿ ಬರುತ್ತದೆಯೇ ಎಂದು ಕಾಯುತ್ತದೆ. ಐಫೋನ್ ಆ್ಯಪಲ್‌ನ ಒಂದು ಪುಟ ತೆರೆದು ಅದರಲ್ಲಿ 'ಸಕ್ಸೆಸ್' ಎಂಬ ಪದ ಇದೆಯೇ ನೋಡುತ್ತದೆ. ಬಂದರೆ ಇಂಟರ್ನೆಟ್ ಇದೆ. ಬೇರೆ ಪುಟ ಬಂದರೆ, ಯಾರೋ ನಡುವೆ ನಿಂತು ಲಾಗಿನ್ ಕೇಳುತ್ತಿದ್ದಾರೆ. ಏನೂ ಬರದಿದ್ದರೆ ಈ ಸಾಲು.

ಇನ್ನೊಂದು ಫೋನಿನಲ್ಲೂ ಇದೇ ಆದರೆ ರೂಟರಿನ ಆಚೆಗೆ ಲೈನ್ ಇಲ್ಲ. ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿ, ಮುಂದಿನದನ್ನು ಓದಬೇಡಿ.

ಇದೊಂದೇ ಫೋನಿನಲ್ಲಾದರೆ ಮೊದಲು ವಿಪಿಎನ್ (ಫೋನಿನ ಇಂಟರ್ನೆಟ್ಟನ್ನು ಬೇರೊಂದು ಸರ್ವರ್ ಮೂಲಕ ಸುತ್ತಿಸುವ ವ್ಯವಸ್ಥೆ) ಆಫ್ ಮಾಡಿ. ವಿಪಿಎನ್ ಆ್ಯಪ್ ತೆಗೆದುಹಾಕಿದ್ದೇನೆ ಎನ್ನುವವರೂ ಸೆಟ್ಟಿಂಗ್ಸ್‌ನ ವಿಪಿಎನ್ ಪುಟ ತೆರೆದು ನೋಡಿ. ಕಂಪನಿಯವರು ಹಾಕಿಕೊಟ್ಟ ಇನ್ನೊಂದು ಅಲ್ಲಿ ಕೂತಿರಬಹುದು. 'ವಿಪಿಎನ್ ಇಲ್ಲದೆ ಕನೆಕ್ಷನ್ ಬೇಡ' ಎಂಬರ್ಥದ ಆಯ್ಕೆ ಆನ್ ಇದ್ದರೆ ಎಲ್ಲವೂ ಬಂದ್.

ಆಮೇಲೆ ಆಂಡ್ರಾಯ್ಡ್‌ನಲ್ಲಿ 'ಪ್ರೈವೇಟ್ ಡಿಎನ್‌ಎಸ್'. ನಾವು ಬರೆಯುವ ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವುದು ಡಿಎನ್‌ಎಸ್ ಕೆಲಸ. 2018ರ ಆಂಡ್ರಾಯ್ಡ್ 9ರಿಂದ ಇದಿದೆ. ಜಾಹೀರಾತು ಬರದಂತೆ ಮಾಡುವ ಉಪಾಯ ಎಂದು ಯಾವುದೋ ವಿಡಿಯೋ ನೋಡಿ ಇಲ್ಲಿ ಒಂದು ಹೆಸರು ಬರೆದು ಎಷ್ಟೋ ಜನ ಮರೆತಿರುತ್ತಾರೆ. ಇದು 853ನೇ ಪೋರ್ಟ್, ಅಂದರೆ ನೆಟ್‌ವರ್ಕಿನ ಒಂದು ನಿರ್ದಿಷ್ಟ ಬಾಗಿಲು, ಬಳಸುತ್ತದೆ. ಆಫೀಸು, ಕಾಲೇಜುಗಳ ನೆಟ್‌ವರ್ಕ್ ಅದನ್ನು ತಡೆದರೆ ಫೋನು ಬೇರೆ ದಾರಿ ಹುಡುಕುವುದಿಲ್ಲ, ಇಂಟರ್ನೆಟ್ಟೇ ಇಲ್ಲವೆಂದು ಕೈಚೆಲ್ಲುತ್ತದೆ. ಮೊಬೈಲ್ ಡೇಟಾದಲ್ಲಿ ಎಲ್ಲ ಸರಿ, ಈ ವೈ-ಫೈನಲ್ಲಿ ಮಾತ್ರ ಹೀಗೆ ಎಂದರೆ ನಾನು ಕಣ್ಣುಮುಚ್ಚಿ ಮೊದಲು ಇಲ್ಲಿಗೇ ಹೋಗುತ್ತೇನೆ. 'ಆಟೋಮ್ಯಾಟಿಕ್' ಮಾಡಿ, ಆಯಿತು.

ಡಿಎನ್‌ಎಸ್ ತಪ್ಪೋ ಬೇರೆಯದೋ ಎಂದು ತಿಳಿಯಲು ಮೊಬೈಲ್ ಡೇಟಾ ಆಫ್ ಮಾಡಿ, ಬ್ರೌಸರಿನಲ್ಲಿ 1.1.1.1 ಎಂದು ಬರೆದು ತೆರೆಯಿರಿ. ಅದು ತೆರೆದು, ಹೆಸರು ಬರೆದ ಯಾವ ಸೈಟೂ ತೆರೆಯದಿದ್ದರೆ ತಪ್ಪು ಡಿಎನ್‌ಎಸ್‌ನದ್ದೇ.

ದಿನಾಂಕ ಮತ್ತು ಸಮಯವನ್ನು ಯಾರೂ ನೋಡುವುದಿಲ್ಲ. ಬಹಳ ದಿನ ಚಾರ್ಜ್ ಇಲ್ಲದೆ ಬಿದ್ದಿದ್ದ ಫೋನು ಯಾವುದೋ ಹಳೆಯ ವರ್ಷಕ್ಕೆ ಹಿಂದಿರುಗಿರುತ್ತದೆ. ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಒಂದು ಅವಧಿ ಇರುತ್ತದೆ. ಫೋನಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಶುರುವೇ ಆಗಿಲ್ಲವಾದ್ದರಿಂದ ಎಲ್ಲವನ್ನೂ ತಿರಸ್ಕರಿಸುತ್ತದೆ. 'ಆಟೋಮ್ಯಾಟಿಕ್ ಸಮಯ' ಆನ್ ಇದೆಯಲ್ಲ ಎನ್ನಬೇಡಿ. ಸಿಮ್ಮೂ ಇಲ್ಲ, ನೆಟ್ಟೂ ಇಲ್ಲ ಎಂದರೆ ಅದು ಸಮಯ ಕೇಳುವುದು ಯಾರನ್ನು? ಕೈಯಾರೆ ಸರಿಪಡಿಸಿ. ಬಳಕೆದಾರನ ಹೆಸರು, ಪಾಸ್‌ವರ್ಡ್ ಎರಡನ್ನೂ ಕೇಳುವ ಕಚೇರಿ ವೈ-ಫೈಗಳಿಗೆ ಇದೇ ಕಾರಣಕ್ಕೆ ಸೇರಲೂ ಆಗದಿರಬಹುದು.

ಹೋಟೆಲು, ನಿಲ್ದಾಣಗಳಲ್ಲಿ ಲಾಗಿನ್ ಪುಟ ತಾನಾಗಿ ಬರದಿದ್ದರೆ, ವಿಪಿಎನ್ ಮತ್ತು ಪ್ರೈವೇಟ್ ಡಿಎನ್‌ಎಸ್ ಎರಡನ್ನೂ ಆಫ್ ಮಾಡಿ ನೆಟ್‌ವರ್ಕ್ ವಿವರದಲ್ಲಿ 'ಗೇಟ್‌ವೇ' ಅಥವಾ 'ರೂಟರ್' ಎಂದು ಕಾಣುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ನೋಡಿ. ಹೆಚ್ಚಿನ ಸಲ ಪುಟ ಎದ್ದುಬರುತ್ತದೆ.

ರೀಸೆಟ್, ಆದರೆ ಸರಿಯಾದದ್ದು

ಇಷ್ಟಾದರೂ ಬಗ್ಗದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್. ಇದು ಫ್ಯಾಕ್ಟರಿ ರೀಸೆಟ್ ಅಲ್ಲ; ಫೋಟೋ, ಆ್ಯಪ್, ಮೆಸೇಜ್ ಯಾವುದಕ್ಕೂ ಕೈ ಹಾಕುವುದಿಲ್ಲ. ಉಳಿಸಿಟ್ಟ ವೈ-ಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಫೋನಿಗೆ ತಕ್ಕಂತೆ ಬ್ಲೂಟೂತ್ ಜೋಡಣೆಗಳು, ಮೊಬೈಲ್ ಡೇಟಾ ಮತ್ತು ವಿಪಿಎನ್ ಸೆಟ್ಟಿಂಗ್‌ಗಳೂ ಹೋಗಬಹುದು. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, 'ಟ್ರಾನ್ಸ್‌ಫರ್ ಆರ್ ರೀಸೆಟ್ ಐಫೋನ್', ರೀಸೆಟ್, ಅಲ್ಲಿ 'ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್'. ಅದೇ ಪುಟದ 'ಇರೇಸ್ ಆಲ್' ಕಡೆ ಬೆರಳು ಹೋಗದಿರಲಿ. ಸ್ಯಾಮ್‌ಸಂಗ್‌ನಲ್ಲಿ 'ಜನರಲ್ ಮ್ಯಾನೇಜ್‌ಮೆಂಟ್' ಒಳಗೆ, ಉಳಿದ ಬಹಳಷ್ಟು ಆಂಡ್ರಾಯ್ಡ್‌ಗಳಲ್ಲಿ 'ಸಿಸ್ಟಮ್' ಒಳಗೆ ರೀಸೆಟ್ ಆಯ್ಕೆಗಳಿವೆ. ಅಲ್ಲಿ ಇ-ಸಿಮ್ ಅಳಿಸುವ ಆಯ್ಕೆಯೂ ಪಕ್ಕದಲ್ಲೇ ಇರಬಹುದು, ಅದನ್ನು ಮುಟ್ಟಬೇಡಿ. ಮುಟ್ಟಿದರೆ ವೈ-ಫೈ ಜೊತೆ ಫೋನ್ ನಂಬರಿನ ಚಿಂತೆಯೂ ಸೇರಿಕೊಳ್ಳುತ್ತದೆ.

ಇದರಿಂದ ನಿಜವಾಗಿ ಏನಾದರೂ ಆಗುತ್ತದೆಯೇ ಎಂದು ಅನುಮಾನಿಸುವವರಿಗೆ 2021ರ ಜೂನ್ ನೆನಪಿಸುತ್ತೇನೆ. ಶೇಕಡಾ ಚಿಹ್ನೆಗಳು ತುಂಬಿದ ವಿಚಿತ್ರ ಹೆಸರಿನ ಒಂದು ವೈ-ಫೈಗೆ ಸೇರಿದ ತಕ್ಷಣ ಐಫೋನ್‌ನ ವೈ-ಫೈ ಪೂರ್ತಿ ನಿಂತುಹೋಗುವ ದೋಷ ಬಯಲಾಯಿತು. ಫೋನು ಆಫ್ ಮಾಡಿ ಆನ್ ಮಾಡಿದರೂ ಸರಿಯಾಗುತ್ತಿರಲಿಲ್ಲ, ಏಕೆಂದರೆ ಆ ಹೆಸರು ಉಳಿಸಿದ ಪಟ್ಟಿಯಲ್ಲಿ ಕೂತಿತ್ತು. ನೆಟ್‌ವರ್ಕ್ ಸೆಟ್ಟಿಂಗ್ ರೀಸೆಟ್ ಮಾಡಿದರೆ ಜೀವ ಬರುತ್ತಿತ್ತು. ಐಓಎಸ್ 14.7ರಲ್ಲಿ ಆ ತೂತು ಮುಚ್ಚಿದರು. ಹಾಗಾಗಿ ಮೊಬೈಲ್ ಡೇಟಾದಲ್ಲಾದರೂ ಸರಿ, ಬಾಕಿಯಿರುವ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿಕೊಳ್ಳಿ.

ಹಾರ್ಡ್‌ವೇರ್ ಹೋಗಿದೆ ಎಂದು ತಿಳಿಯುವುದು ಹೇಗೆ

ವೈ-ಫೈ ಸ್ವಿಚ್ ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಅಲುಗದಿದ್ದರೆ, ಅಥವಾ ಆನ್ ಆದ ಹಾಗೆ ಮಾಡಿ ತಾನೇ ಆಫ್ ಆಗುತ್ತಿದ್ದರೆ, 'ಅಬೌಟ್' ಪುಟದಲ್ಲಿ ವೈ-ಫೈ ವಿಳಾಸ ನೋಡಿ. ಅಲ್ಲಿ ವಿಳಾಸದ ಬದಲು ಲಭ್ಯವಿಲ್ಲ ಎಂದೋ, 02 ಆದ ಮೇಲೆ ಬರೀ ಸೊನ್ನೆಗಳೋ ಇದ್ದರೆ ಸಾಫ್ಟ್‌ವೇರಿಗೆ ಚಿಪ್ಪೇ ಕಾಣುತ್ತಿಲ್ಲ. ಬ್ಲೂಟೂತ್ ಕೂಡ ಕೈಕೊಟ್ಟಿದ್ದರೆ ಅನುಮಾನವೇ ಬೇಡ, ಎರಡೂ ಸಾಮಾನ್ಯವಾಗಿ ಒಂದೇ ಚಿಪ್ಪಿನಲ್ಲಿರುತ್ತವೆ. ರೂಟರಿಗೆ ತಾಗಿಸಿ ಹಿಡಿದರೆ ಬರುತ್ತದೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಹೋಗುತ್ತದೆ ಎಂದರೆ ಚಿಪ್ ಚೆನ್ನಾಗಿದೆ, ಆಂಟೆನಾ ಸಂಪರ್ಕ ಕಳಚಿದೆ. ಫೋನು ಬಿದ್ದ ಮೇಲೆ, ಅಥವಾ ಸ್ಕ್ರೀನ್ ಬದಲಿಸಿದ ಮೇಲೆ ಹೀಗಾಗುವುದುಂಟು. ಲೋಹದ ಕವರ್ ಇದ್ದರೆ ಅದನ್ನು ತೆಗೆದು ಇನ್ನೊಮ್ಮೆ ನೋಡಿ, ಆಮೇಲೆ ರಿಪೇರಿಗೆ ಹೊರಡಿ.

ಕೊಡುವ ಮೊದಲು ಫೋಟೋಗಳನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ವೈ-ಫೈ ಬಂದಾಗ ಮಾತ್ರ ಬ್ಯಾಕಪ್ ಎಂದು ಇಟ್ಟುಕೊಂಡಿದ್ದವರ ಕೊನೆಯ ಬ್ಯಾಕಪ್ ವೈ-ಫೈ ಕೆಟ್ಟ ದಿನಕ್ಕೇ ನಿಂತಿರುತ್ತದೆ.